ಪಾಳಿಯ ಪೋಸ್ಟು

ಪೋಸ್ಟು ಎಂಬ ಶಬ್ದ ಕರೇಕಲ್ಲಿಗೆ ಮೊದಲು ಬಂದದ್ದು ಟಪಾಲಿನ ಸಂಗಡ. ಆಗ ಅದಕ್ಕೆ ಚಾವಡಿಯ ಗೋಡೆಗೆ ನೇತುಹಾಕಿದ ಕೆಂಪು ಡಬ್ಬಿ ಎಂದಷ್ಟೇ ಅರ್ಥ. ಎರಡನೆಯ ಸಲ ಅದು ಬಂದದ್ದು ವಾಲಿಕಾರರ ಮನೆಗೆ, ಎಪ್ಪತ್ತನಾಲ್ಕರಲ್ಲಿ. ಆ ಮನೆಯ ಕಿರಿಯ ಮಗ ಪರಸಪ್ಪನಿಗೆ ಮುದ್ದೇಬಿಹಾಳದ ಒಂದು ಸರಕಾರಿ ಕಚೇರಿಯಲ್ಲಿ ಸಿಪಾಯಿ ಕೆಲಸ ಸಿಕ್ಕಿತ್ತು.

ನೌಕರಿ ಎಂಬ ಮಾತು ಊರಿಗೆ ಹಳೆಯದು. ಸೊಲ್ಲಾಪುರದ ಗಿರಣಿಗೆ ಹೋದವನದೂ ನೌಕರಿ, ತಾಳಿಕೋಟೆಯ ಅಡತಿ ಅಂಗಡಿಯಲ್ಲಿ ಚೀಲ ಹೊರುವವನದೂ ನೌಕರಿ. ಅವು ಬರುತ್ತವೆ, ಹೋಗುತ್ತವೆ. ಪೋಸ್ಟು ಹಾಗಲ್ಲ. ಅದು ಮನುಷ್ಯ ಬರುವ ಮೊದಲೇ ಅಲ್ಲಿ ಇರುತ್ತದೆ, ಅವನು ಹೋದ ಮೇಲೂ ಇರುತ್ತದೆ. ಪೋಸ್ಟು ಖಾಲಿ ಇದೆ, ಪೋಸ್ಟು ತುಂಬಿದೆ, ಪೋಸ್ಟು ಮಂಜೂರಾಗಿದೆ ಎಂದು ಕಚೇರಿಯವರು ಅನ್ನುತ್ತಿದ್ದರು, ಜೋಳ ತುಂಬಿಡುವ ನೆಲಗುಂಡಿಯ, ಹಗೇವಿನ, ಬಗ್ಗೆ ಮಾತಾಡಿದ ಹಾಗೆ.

ಮೂವರು ಅಣ್ಣತಮ್ಮಂದಿರಲ್ಲಿ ಹಿರಿಯವನಾದ ಚಂದಪ್ಪ ಇದನ್ನೆಲ್ಲ ಕೇಳಿಸಿಕೊಂಡು ತೀರ್ಪು ಕೊಟ್ಟ.

"ತಿಳೀತು ಬಿಡು. ವತನಕ್ಕ ಇಂಗ್ಲೀಷಿನ್ಯಾಗ ಪೋಸ್ಟ್ ಅಂತಾರ."

ಅವನು ಹಾಗೆ ತಿಳಿದದ್ದಕ್ಕೆ ಕಾರಣವಿತ್ತು. ಅಜ್ಜ ಮುತ್ತಜ್ಜರ ಕಾಲದಿಂದ ಆ ಮನೆತನಕ್ಕೆ ಊರ ವಾಲಿಕಾರಿಕೆಯ ವತನವಿತ್ತು. ಕಂದಾಯದ ಗಂಟು ಹೊತ್ತ ಕುಲಕರ್ಣಿಯ ಹಿಂದೆ ಕೋಲು ಹಿಡಿದು ನಡೆಯುವುದು, ಡಂಗುರ ಸಾರುವುದು, ಊರಿಗೆ ಬಂದ ಸಾಹೇಬರ ಕುದುರೆಗೆ ಹುಲ್ಲು ಹಾಕುವುದು, ಎಲ್ಲಾದರೂ ಹೆಣ ಬಿದ್ದರೆ ಪೊಲೀಸರು ಬರುವ ತನಕ ಕಾಯುವುದು. ಇದಕ್ಕೆ ಪ್ರತಿಯಾಗಿ ಒಂದಿಷ್ಟು ಚಾಕರಿ ಹೊಲ, ರಾಶಿಯ ಕಾಲಕ್ಕೆ ಕಣದಿಂದ ಕಣಕ್ಕೆ ಹೋಗಿ ಮೊರ ಒಡ್ಡಿದರೆ ಜೋಳ. ಅದು ಒಬ್ಬನ ಸ್ವತ್ತಲ್ಲ, ಮನೆತನದ್ದು. ಅಣ್ಣತಮ್ಮಂದಿರು ಯುಗಾದಿಯಿಂದ ಯುಗಾದಿಗೆ ಪಾಳಿ ಹಚ್ಚಿಕೊಳ್ಳುತ್ತಿದ್ದರು. ಹಬ್ಬದ ದಿನ ಹಳೆಯ ಪಾಳಿಯವನು ಕೋಲನ್ನೂ ಕಂಬಳಿಯನ್ನೂ ಹೊಸ ಪಾಳಿಯವನ ಕೈಗೆ ಕೊಡುತ್ತಿದ್ದ. ಆ ವರ್ಷದ ಕಾಳು ಅವನದು, ಆ ವರ್ಷದ ಏಟೂ ಅವನದು. ಸರಕಾರ ವತನಗಳನ್ನು ರದ್ದು ಮಾಡಿ ಬಹಳ ದಿನವಾಗಿತ್ತು. ಪಾಳಿಯ ರೂಢಿ ಮಾತ್ರ ಆ ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿತ್ತು. ಪೋಸ್ಟು ಬಂದದ್ದೇ ತಡ, ಅದಕ್ಕೆ ಕೆಲಸ ಸಿಕ್ಕಿತು.

ಅರ್ಜಿಯಲ್ಲಿ ಪರಸಪ್ಪನ ಹೆಸರು ಬರೆಸಿದ್ದು ಅವನೊಬ್ಬನೇ ಏಳನೇ ಇಯತ್ತೆ ಪಾಸಾಗಿದ್ದ ಎಂಬ ಕಾರಣಕ್ಕೆ. ನಡುವಿನವನು ಕಾಳಪ್ಪ; ನಾಲ್ಕಕ್ಕೇ ಸಾಲಿ ಬಿಟ್ಟಿದ್ದ, ಓದಲು ಬರೆಯಲು ಬರುತ್ತಿತ್ತು. ಚಂದಪ್ಪ ಹೊಲ ಎತ್ತು ಬಿಟ್ಟು ಎಲ್ಲಿಗೂ ಹೋಗುವವನಲ್ಲ. ಹೀಗಾಗಿ ಪಾಳಿ ಪರಸಪ್ಪ ಕಾಳಪ್ಪ ಇಬ್ಬರ ನಡುವೆ, ಪಗಾರ ಮಾತ್ರ ಒಂದೇ ಒಲೆಗೆ ಎಂದು ಗೊತ್ತಾಯಿತು.

"ಹೆಸರು ಯಾರದರ ಇರ್ಲಿ," ಎಂದ ಚಂದಪ್ಪ. "ವತನದ ಕಾಗದದಾಗ ಮುತ್ತ್ಯಾಂದ ಹೆಸರಿತ್ತು. ಉಂಡಾವ್ರು ಮುತ್ತ್ಯಾ ಒಬ್ಬನ ಏನು?"

ಪರಸಪ್ಪ ಎರಡು ವರ್ಷ ಜಗ್ಗಿದ. ಪೋಸ್ಟು ಅಂದರೆ ವತನವಲ್ಲ, ಹಾಗೆ ಕೈ ಬದಲಿ ಮಾಡಲು ಬರುವುದಿಲ್ಲ, ಖಾಯಂ ಆಗುವ ತನಕವಾದರೂ ತಡೆಯಿರಿ ಎಂದು ಹೇಳುತ್ತ ಬಂದ. ಖಾಯಂ ಆಯಿತು. ಎಪ್ಪತ್ತಾರರ ಯುಗಾದಿಯ ದಿನ, ಬೇವು ಬೆಲ್ಲ ತಿಂದಾದ ಮೇಲೆ, ಖಾಕಿ ಅಂಗಿ, ಪಟ್ಟೆ, ಹಿತ್ತಾಳೆ ಬಿಲ್ಲೆ ಮೂರನ್ನೂ ತಂದು ಅಣ್ಣನ ಮುಂದೆ ಇಟ್ಟ. ಮುಖ ಹುಳ್ಳಗಿತ್ತು.

ಮರುದಿನ ಕಾಳಪ್ಪ ಕಚೇರಿಗೆ ಹೋದ. ಹಳೆಯ ಸಾಹೇಬರು ಆ ವಾರವೇ ಬದಲಿಯಾಗಿ ಹೋಗಿದ್ದರು. ಒಳಗೆ ಇದ್ದವರು ಹೆಡ್ ಕ್ಲಾರ್ಕ್ ಮೋದಿನಸಾಬ ಮತ್ತು ಹೊಸದಾಗಿ ಸೇರಿದ್ದ ಸೋಮನಿಂಗ ಎಂಬ ಗುಮಾಸ್ತ. ಮೋದಿನಸಾಬ ಕನ್ನಡಕ ಸರಿಸಿ ನೋಡಿದ.

"ಯಾರೋ ನೀ?"

"ಪರಸಪ್ಪ ರಿ."

"ಮೊನ್ನಿ ತನಕ ಪರಸಪ್ಪಗ ಮೀಸಿ ಇರಲಿಲ್ಲಲ್ಲೋ. ಹಬ್ಬದ ಹೋಳಿಗಿ ತಿಂದು ಬೆಳದೂವೇನು?"

ಸೋಮನಿಂಗ ಕಿಸಕ್ಕೆಂದು ನಕ್ಕ. ಕಾಳಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೋದಿನಸಾಬ ಪೆನ್ನು ಕೆಳಗಿಟ್ಟು, "ನಮ್ಮ ಮನ್ಯಾಗೂ ಊರ ಮುಲ್ಲಾನ ಕೆಲಸ ಹಿಂಗ ಪಾಳಿ ಮ್ಯಾಲ ಇತ್ತಪಾ," ಎಂದ. "ಕಾಕಾನ ವರ್ಷ ಊರ ಕುರಿ ಕೊಯ್ದ ಪಾಲು ಕಾಕಾನ ಮನಿಗೆ, ಅಬ್ಬಾನ ವರ್ಷ ನಮ್ಮ ಮನಿಗೆ. ಖರೆ ಇದು ಸರಕಾರ. ಸಿಕ್ಕಬಿದ್ದಿ ಅಂದ್ರ ನಾ ನಿನ್ನ ನೋಡಿಲ್ಲ, ನೀ ನನ್ನ ನೋಡಿಲ್ಲ. ಹೋಗು, ಮೀಸಿ ತಗಿಸಿ ಬಾ."

ಹೊಸ ಸಾಹೇಬರು ಬಸಂತರಾಯರು ಬಂದು ಗಂಟೆ ಬಾರಿಸಿ "ಏ ಪರಸ್ಯಾ" ಎಂದಾಗ ಬೋಳು ತುಟಿಯ ಕಾಳಪ್ಪ ಒಳಗೆ ಹೋಗಿ ನಿಂತ. ಅಂದಿನಿಂದ ಅವನೇ ಪರಸಪ್ಪ. ಯಾರೂ ಮತ್ತೆ ಕೇಳಲಿಲ್ಲ. ನೀರು ತರಬೇಕು, ಚಹಾ ತರಬೇಕು, ಕಾಗದ ಈ ಮೇಜಿನಿಂದ ಆ ಮೇಜಿಗೆ ಹೋಗಬೇಕು, ಗಂಟೆಗೆ ಒಬ್ಬ ಓಗೊಡಬೇಕು. ಆ ಒಬ್ಬ ಯಾರಾದರೇನು?

ಕಾಳಪ್ಪನಿಗೆ ಮಾತ್ರ ಅದು ಹಾಗಿರಲಿಲ್ಲ. ಕರೇಕಲ್ಲಿನಲ್ಲಿ ಅವನು ನಡುವಿನ ಮಗ. ಮಾತು ಹಿರಿಯನದು, ಮುದ್ದು ಕಿರಿಯನದು. ಗೌಡರ ಅಂಗಳದಲ್ಲಿ ಅವನು ಇಂದಿಗೂ ಚಪ್ಪಲಿ ಕಳೆದು ನೆಲದ ಮೇಲೆ ಕೂಡುವವನು. ಇಲ್ಲಿ ಅದೇ ಗೌಡರ ಮಗ ಬಂದು ಸಾಹೇಬರಿಗೆ ಚೀಟಿ ಕಳಿಸಲು ಅವನ ಮುಂದೆ ನಿಲ್ಲುತ್ತಿದ್ದ, ಸಿಪಾಯಿ ಸಾಹೇಬ್ರ ಎನ್ನುತ್ತಿದ್ದ. ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಕುಳಿತರೆ ಒಳಗಿನ ಫ್ಯಾನಿನ ಗಾಳಿ ಸಂದಿನಿಂದ ಬರುತ್ತಿತ್ತು. ಮುಂದಿನ ಯುಗಾದಿ ನೆನಪಾದಾಗ ಅವನು ಹಿತ್ತಾಳೆ ಬಿಲ್ಲೆಯನ್ನು ಅಂಗಿಯ ತುದಿಯಿಂದ ಉಜ್ಜುತ್ತಿದ್ದ.

ಇನ್ನೊಂದು ಚಿಂತೆ ಹಳೆಯದು. ಅವನ ಹೆಂಡತಿ ರೇವವ್ವ ಅವನ ಅಕ್ಕನ ಮಗಳೇ, ನಿಡಗುಂದಿಯವಳು. ಹಡೆದ ಎರಡು ಕೂಸುಗಳೂ ಹೆಸರಿಡುವ ಮೊದಲೇ ಹೋಗಿದ್ದವು. ಹಡೆಯುವ ವಯಸ್ಸು ಅವಳಿಗೆ ಇನ್ನೂ ಇತ್ತು. ಪರಸಪ್ಪನಿಗೂ ಅವನ ಹೆಂಡತಿ ಶಂಕ್ರೆವ್ವನಿಗೂ ನಾಲ್ಕು ಮಕ್ಕಳು. ಅವು ಮಲಗುತ್ತಿದ್ದದ್ದು ಹೆಚ್ಚಾಗಿ ರೇವವ್ವನ ಮಗ್ಗುಲಲ್ಲೇ. "ಈ ಸಲ ಬಿಜಾಪುರದಾಗ ತೋರಿಸೂಣು ಮಾವ. ಪಗಾರ ಬರ್ತೈತಲ್ಲ," ಎಂದು ಅವಳು ಅನ್ನುತ್ತಿದ್ದಳು. ಅವನೂ ಹೂಂ ಅಂದಿದ್ದ.

ಅದು ತುರ್ತು ಪರಿಸ್ಥಿತಿಯ ಎರಡನೆಯ ವರ್ಷ. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಎಲ್ಲ ಗೋಡೆಗಳ ಮೇಲೂ ಇತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನವರು ಕೆಳಗಿನವರಿಗೆ, ಕೆಳಗಿನವರು ಇನ್ನೂ ಕೆಳಗಿನವರಿಗೆ ಬಾಯಿಮಾತಿನಲ್ಲಿ ಗಂಡಸರ ಆಪರೇಶನ್ನಿನ ಕೋಟಾ ಹಂಚುತ್ತ ಬಂದರು. ಬಸಂತರಾಯರ ಕೆಳಗೆ ಉಳಿದವನು ಸಿಪಾಯಿಯೊಬ್ಬನೇ.

"ಏ ಪರಸ್ಯಾ, ಎಷ್ಟ ಮಕ್ಳೋ ನಿನಗ?"

ಒಂದೂ ಇಲ್ಲ ಎಂಬುದು ಕಾಳಪ್ಪನ ನಾಲಿಗೆಯ ತುದಿಗೆ ಬಂತು. ಪರಸಪ್ಪನ ಮಕ್ಕಳು ಕಚೇರಿಯ ಕಾಗದದಲ್ಲಿ ಇದ್ದವು.

"ನಾಕ್ರಿ."

"ಸಾಕಾಗಿಲ್ಲೇನು? ಬರೂ ಬುಧವಾರ ಜೀಪ್ ಬರ್ತೈತಿ. ಸೋಮನಿಂಗಂದು ಲಗ್ನ ಆಗಿಲ್ಲ, ಮೋದಿನಸಾಬಂದು ವಯಸ್ಸ ದಾಟೇತಿ. ಈ ಆಫೀಸಿನಿಂದ ನೀನ."

"ಮನ್ಯಾಗ ಕೇಳಿ ಹೇಳ್ತೇನ್ರಿ."

"ನಾಕ ಆಗೂ ಮುಂದ ಯಾರ್ನ ಕೇಳಿದ್ದಿ? ನಾನೂ ಸಂಗಾಟ ಬರ್ತೇನಿ, ನಿಂತ ಮಾಡಿಸ್ತೇನಿ. ಬರ್ಲಿಲ್ಲಂದ್ರ ಪೋಸ್ಟ್ ಖಾಲಿ ಐತಿ ಅಂತ ಬರದ ಕಳಸ್ತೇನಿ. ಹೋಗು, ಚಾ ತಾ."

ಆ ರವಿವಾರ ಕರೇಕಲ್ಲಿನ ಮನೆಯಲ್ಲಿ ಎಲ್ಲರೂ ಕುಳಿತರು. ಚಂದಪ್ಪ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಪರಸಪ್ಪ ಕಂಬಕ್ಕೆ ಒರಗಿದ್ದ. ರೇವವ್ವ, ಶಂಕ್ರೆವ್ವ ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಇದ್ದರು.

"ಪರಸಪ್ಪಗ ನಾಕ ಅದಾವು, ನನಗ ಒಂದೂ ಇಲ್ಲ," ಎಂದ ಕಾಳಪ್ಪ. "ಇದು ನಾ ಬಾಯಿಬಿಟ್ಟ ಹೇಳೂ ಮಾತೇನ ಅಣ್ಣಾ? ಅವನ ಹೋಗ್ಲಿ."

"ನನ್ನ ಜೀಪಿನ್ಯಾಗ ಹತ್ತಿಸ್ಕೊಳ್ಳಾವ್ರು ಯಾರು?" ಪರಸಪ್ಪ ಎದ್ದು ಕುಳಿತ. "ಆ ಸಾಹೇಬ ನನ್ನ ಮುಖಾನ ನೋಡಿಲ್ಲ. ಯಾರೋ ನೀ ಅಂದ್ರ ಏನ್ ಹೇಳ್ಲಿ? ನಾ ಖರೇ ಪರಸಪ್ಪ, ಇಷ್ಟ ದಿನ ನಿಮಗ ಚಾ ಕೊಟ್ಟಾಂವ ಖೊಟ್ಟಿ ಅನ್ನಲ್ಯಾ? ಇಬ್ಬರ್ನೂ ಹೆಡಮುರಗಿ ಕಟ್ಟಿ ಒಯ್ತಾರ. ಪೋಸ್ಟೂ ಹೋತು, ಮಾನಾನೂ ಹೋತು."

ಇದು ಸುಳ್ಳಾಗಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಕಾಳಪ್ಪ ತಲೆ ತಗ್ಗಿಸುತ್ತಿದ್ದನೇನೋ. ಪರಸಪ್ಪ ಮುಂದುವರಿಸಿದ:

"ಅಲ್ಲದ, ಈ ವರ್ಷ ಪಾಳಿ ನಿಂದು."

"ಅಬಾಬಾ! ಎರಡ ವರ್ಷ ಇದು ವತನ ಅಲ್ಲ, ಪಾಳಿ ನಡ್ಯೂದಿಲ್ಲ ಅಂತಿದ್ದಿ."

"ನೀವೆಲ್ಲಾ ಕೂಡಿ ಹೌದು ಅನಿಸಿದ್ರಿ. ಈಗ ಹೌದು."

ಶಂಕ್ರೆವ್ವ ನಡುವೆ ಬಾಯಿ ಹಾಕಿದಳು. "ನಮ್ಮಾಂವ ನೊಗ ಹೊರಾಂವ. ಅದನ್ನ ಮಾಡಿಸ್ಕೊಂಡ ಗಂಡಸಿಗೆ ಕಸುವು ಉಳ್ಯೂದಿಲ್ಲಂತ. ಕಚೇರ್ಯಾಗ ಸ್ಟೂಲ ಮ್ಯಾಲ ಕುಂಡ್ರಾವ್ರಿಗೆ ನಡೀತೈತಿ."

"ಯಾರ ಹೇಳ್ಯಾರ ನಿನಗ?" ಎಂದಳು ರೇವವ್ವ.

"ಊರೆಲ್ಲಾ ಹೇಳ್ತೈತಿ."

ಚಂದಪ್ಪ ಹಗ್ಗ ಬಿಡಲಿಲ್ಲ. ತೊಡೆಯ ಮೇಲೆ ಹೊಸೆಯುತ್ತಲೇ ಮಾತಾಡಿದ. "ಪ್ಲೇಗ್ ಬಂದ ವರ್ಷ ಪಾಳಿ ನಮ್ಮಜ್ಜಂದಿತ್ತು. ಊರಿಗೆ ಊರ ಹೊಲ ಸೇರಿತ್ತು. ಹೆಣಾ ಕಾಯಾಕ ವಾಲಿಕಾರ ಬೇಕಂದ್ರು. ಸಣ್ಣಜ್ಜ ಗಟ್ಟಿಮುಟ್ಟಾಗಿದ್ದ, ಅಜ್ಜಗ ಕೆಮ್ಮಿತ್ತು. ಆದ್ರೂ ಅಜ್ಜನ ಹೋದ. ಗಡ್ಡಿ ಎದ್ದು ಸತ್ತ. ಪಾಳಿ ಅಂದ್ರ ಹಂಗ. ಕಾಳ ಬಂದಾಗ ಅಷ್ಟ ನಂದು ಅನ್ನೂದಲ್ಲ."

"ದೊಡ್ಡ ಮಾವ, ಮುತ್ತ್ಯಾಗ ಆಗ ಮಕ್ಕಳಿದ್ರು," ಎಂದಳು ರೇವವ್ವ. "ಇದ್ರಂತನ ನೀವು ಇಲ್ಲಿ ಕುಂತ ಹಗ್ಗ ಹೊಸ್ಯಾಕತ್ತೀರಿ."

ಅವಳು ಗಂಡನ ಕಡೆ ತಿರುಗಿದಳು. "ಬಿಟ್ಟ ಬಾ ಮಾವ. ಆ ಅಂಗಿ ಅವರ ಮಾರಿ ಮ್ಯಾಲ ಒಗದ ಬಾ. ಆಲಮಟ್ಟಿ ಡ್ಯಾಮಿನ್ಯಾಗ ಇಬ್ಬರಿಗೂ ಕೂಲಿ ಸಿಗತೈತಿ."

"ಬಿಡಾಕ ಅದು ಅವನೊಬ್ಬಂದ ಅಲ್ಲ," ಎಂದ ಚಂದಪ್ಪ. "ಇವ ಬಿಟ್ಟ ಅಂದ್ರ ಪರಸ್ಯಾಂದ ಪೋಸ್ಟ್ ಹೋತು."

ಬಿಡುವಾಗ ಅದು ಮನೆತನದ್ದು, ಕೊಡುವಾಗ ಕಾಳಪ್ಪನದು. ಕಾಳಪ್ಪ ಉಣ್ಣದೆ ಎದ್ದು ಹೋದ.

ಮರುದಿನ ಕಚೇರಿಯಲ್ಲಿ ಸಾಹೇಬರು ಇಲ್ಲದ ಹೊತ್ತು ನೋಡಿ ಅವನು ಮೋದಿನಸಾಬನ ಮೇಜಿನ ಮುಂದೆ ನಿಂತ.

"ಮೋದಿನಸಾಬ್ರ, ಪೋಸ್ಟ್ ಅನ್ನೂದು ಮೂಲದಾಗ ಏನ್ರಿ? ವತನ ಹೌದೋ ಅಲ್ಲೋ?"

ಬೇರೆ ಯಾರಾದರೂ ಆಗಿದ್ದರೆ ಗದರಿಸಿ ಕಳಿಸುತ್ತಿದ್ದರು. ಮೋದಿನಸಾಬನಿಗೆ ಶಬ್ದಗಳ ಹುಚ್ಚು. ಕಪಾಟಿನ ಮೇಲೆ ಬೆನ್ನು ಹರಿದ, ದಾರ ಸುತ್ತಿದ ಒಂದು ಇಂಗ್ಲಿಷ್ ಕೋಶವಿತ್ತು. ಬ್ರಿಟಿಷರ ಕಾಲದ ಯಾರೋ ಬಿಟ್ಟು ಹೋದದ್ದು. ಅವನು ಅದನ್ನು ಇಳಿಸಿ, ಧೂಳು ಊದಿ, ಬೆರಳು ಆಡಿಸುತ್ತ ಓದಿದ.

"ಲ್ಯಾಟಿನ್ ಅಂತ ಒಂದು ಹಳೇ ಭಾಷಾ. ನಿಮ್ಮ ಸಂಸ್ಕೃತ ಇದ್ದಂಗ, ಈಗ ಯಾರೂ ಮಾತಾಡೂದಿಲ್ಲ. ಅದರಾಗ ಇಡೂದಕ್ಕ ಒಂದು ಮಾತೈತಿ. ಅದರಿಂದ ಹುಟ್ಟಿದ್ದು ಇದು. ಪೋಸ್ಟ್ ಅಂದ್ರ ಇಟ್ಟದ್ದು. ಇಟಲಿಯವರ ಬಾಯಾಗ ಬಿದ್ದು ಪೋಸ್ಟೋ ಆತು, ಅವರಿಂದ ಫ್ರೆಂಚರು ತೊಗೊಂಡ್ರು, ಅವರಿಂದ ಇಂಗ್ಲೀಷರು. ಮೊದಲ ದಂಡಿನವರ ಮಾತು. ಒಬ್ಬ ಸಿಪಾಯಿನ್ನ ಒಂದ ಜಾಗಾದಾಗ ಇಟ್ಟು, ಕಾಯಿ ಅಂತಿದ್ರಲ್ಲ, ಆ ಜಾಗಾನ ಅವನ ಪೋಸ್ಟ್. ಆಮ್ಯಾಲ ನೌಕರಿಗೂ ಅದ ಹೆಸರಾತು."

"ಟಪಾಲಿಗೂ ಅದ ಅಂತಾರಲ್ರಿ?"

"ಅದು ಇದರ ಅಕ್ಕ ಆಗಬೇಕು. ರಾಜನ ಕಾಗದ ಒಯ್ಯಾಕ ಹಾದಿಗುಂಟ ಅಲ್ಲಲ್ಲಿ ಕುದರಿ ಸವಾರರ್ನ ಇಡ್ತಿದ್ರಂತ. ಕಂಬಕ್ಕ ಅನ್ನೂ ಪೋಸ್ಟ್ ಮಾತ್ರ ಬ್ಯಾರೆ ಮನೆತನ. ಇದಕ್ಕೂ ಅದಕ್ಕೂ ಬೀಗತನ ಇಲ್ಲ."

"ಮತ್ತ ವತನ?"

"ಅದಕ್ಕ ಬುಕ್ಕ ಯಾಕ ಬೇಕು? ಅರಬ್ಬೀ ಮಾತದು. 'ವತನ್' ಅಂದ್ರ ಹುಟ್ಟಿದ ನೆಲ, ನಿನ್ನ ಊರು. ಆ ಮನ್ಯಾಗ ಹುಟ್ಟಿದಿ ಅಂತ ನಿನಗ ಬರೂದು ವತನ. ಯಾವನೋ ಒಬ್ಬ ನಿನ್ನ ತಂದು ಇಟ್ಟಾನ ಅಂತ ನೀ ಇರೂದು ಪೋಸ್ಟ್."

ಕಾಳಪ್ಪ ಮೇಜಿನ ಅಂಚು ಹಿಡಿದುಕೊಂಡ. "ಹಂಗಾರ ಎರಡೂ ಒಂದಲ್ಲ."

"ಒಂದಲ್ಲ."

"ಹಂಗಾರ ಪೋಸ್ಟಿಗೆ ಪಾಳಿ ಇಲ್ಲ."

"ಎಲ್ಲೀ ಪಾಳಿ? ಇಟ್ಟಾಂವ ಸರಕಾರ, ತಗಿಯಾಂವನೂ ಸರಕಾರ. ನಿಮ್ಮ ಅಣ್ಣನ ಕೈಯಾಗ ಏನೈತಿ?"

"ಮತ್ತ ಸರಕಾರ ಇಟ್ಟದ್ದು ಪರಸಪ್ಪನ್ನ. ಬುಧವಾರ ಅವನ ಹೋಗ್ಬೇಕಲ್ರಿ?"

ಮೋದಿನಸಾಬ ಕೋಶಕ್ಕೆ ಮತ್ತೆ ದಾರ ಸುತ್ತಿದ. "ಪೋಸ್ಟಿನ ಮ್ಯಾಲ ನಿಂತಾಂವಗ ಗುಂಡ ಬೀಳತೈತಿ ಕಾಳಪ್ಪ. ಗುಂಡ ಹೆಸರ ಕೇಳೂದಿಲ್ಲ. ಸಾಹೇಬ್ರ ಕಣ್ಣಿಗೆ ನಿಂತಾಂವ ನೀನು."

"ರಜಾ ಹಾಕಿದ್ರ?"

"ಮುಂದಿನ ವಾರದಾಗೂ ಬುಧವಾರ ಬರ್ತೈತಿ."

ಮನೆಯವರು ತಳ್ಳಿದರು, ಸಾಹೇಬರು ಹೆದರಿಸಿದರು. ಎರಡೂ ನಿಜ. ಆದರೂ ಕಾಳಪ್ಪನಿಗೆ ಎರಡು ದಿನ ಇದ್ದವು, ಊರಾಚೆ ಹೋಗಲು ಬಸ್ಸುಗಳಿದ್ದವು, ರೇವವ್ವ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಅವನು ಹೋಗಲಿಲ್ಲ. ಡ್ಯಾಮಿನಲ್ಲಿ ಕಲ್ಲು ಹೊರುವ ತನ್ನನ್ನು ಅವನು ಕಣ್ಣ ಮುಂದೆ ತಂದುಕೊಂಡು ನೋಡಿದ. ಗೌಡರ ಮಗ ಚೀಟಿ ಹಿಡಿದು ನಿಂತದ್ದನ್ನೂ ನೋಡಿದ. ಮಂಗಳವಾರ ಸಂಜೆ ಅಂಗಿ ಒಗೆದು ಒಣಹಾಕಿದ.

ಜೀಪಿನಲ್ಲಿ ಬೇರೆ ಬೇರೆ ಕಚೇರಿಯವರು, ಒಬ್ಬಿಬ್ಬರು ಹಮಾಲರು ಇದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಸಂತರಾಯರು ಮುಂದೆ ಕುಳಿತಿದ್ದರು. ಡ್ರೈವರ್ ಜೈನುದ್ದೀನ ಹಿಂದಕ್ಕೆ ತಿರುಗಿ, "ಯಾಕ್ರೋ, ಹೆಣದ ಸಂಗಾಟ ಹೊಂಟಾವ್ರಂಗ ಕುಂತೀರಿ? ಹೋರಿಕರ ಬೀಜ ಒಡಿಸಿದ ಮ್ಯಾಲನ ಎತ್ತ ಆಗೂದು, ಬೆಲಿ ಏರೂದು," ಎಂದ. ಒಬ್ಬ ಹಮಾಲ ಮಾತ್ರ, "ಹಂಗಾರ ಮೊದಲ ನಿನ್ನ ಬೆಲಿ ಏರಿಸ್ಕೋ ಬಾರಲೇ," ಎಂದ. ಸಾಹೇಬರು ನಕ್ಕರು.

ಕ್ಯಾಂಪು ಒಂದು ಹತ್ತಿ ಗೋದಾಮಿನಲ್ಲಿತ್ತು. ಬಾಗಿಲಲ್ಲಿ ಮೇಜು ಹಾಕಿಕೊಂಡಿದ್ದವನು ತಲೆ ಎತ್ತದೆ ಕೇಳಿದ. ಹೆಸರು? ಪರಸಪ್ಪ ವಾಲಿಕಾರ. ಹೆಂಡತಿ ಹೆಸರು? ಶಂಕ್ರೆವ್ವ. ಮಕ್ಕಳು? ನಾಲ್ಕು. ಕಿರಿದರ ವಯಸ್ಸು? ಎರಡು ದಾಟಿದೆ. ಕಾಳಪ್ಪ ಎಲ್ಲೂ ತಡವರಿಸಲಿಲ್ಲ. ಆ ಕಿರಿದು ಹಲ್ಲು ಬರುವಾಗ ಕಚ್ಚಿದ್ದು ಅವನ ಬೆರಳನ್ನೇ. ಒಳಗೆ ಡೆಟಾಲಿನ ವಾಸನೆ, ನೆಲದ ಮೇಲೆ ಅಲ್ಲಲ್ಲಿ ಹತ್ತಿಯ ಕಾಳು. ಕೆಲಸ ಬೇಗ ಮುಗಿಯಿತು. ಬಹಳ ನೋವಾಗಲಿಲ್ಲ. ಅದೂ ಅವನಿಗೆ ಸಿಟ್ಟು ತರಿಸಿತು.

ಮನೆಗೆ ಬಂದಾಗ ರೇವವ್ವ ಜೋಳ ಹಸನು ಮಾಡುತ್ತಿದ್ದಳು. ಅವನ ನಡಿಗೆ ನೋಡಿಯೇ ಅವಳಿಗೆ ತಿಳಿಯಿತು.

"ಚೀಟಿ ಕೊಟ್ಟಾರೇನು?"

"ಹೂಂ."

"ಓದು."

ಅವನು ಓದಿದ. ಅವಳು ಮೊರ ಕೆಳಗಿಟ್ಟು, ಬಾಯಿಪಾಠ ಒಪ್ಪಿಸುವವಳ ಹಾಗೆ ತಿರುಗಿ ಹೇಳಿದಳು. "ಶಂಕ್ರೆವ್ವನ ಗಂಡ. ನಾಕ ಮಕ್ಕಳಪ್ಪ. ಹಂಗಾರ ನಾ ಯಾರು ಈ ಮನ್ಯಾಗ?"

ಅವನು ಚೀಟಿ ಮಡಚಿ ಜೇಬಿಗೆ ಹಾಕಿದ. ಅವಳು ಅಳಲಿಲ್ಲ. ತವರಿಗೂ ಹೋಗಲಿಲ್ಲ. ಅಲ್ಲಿರುವವಳು ಅವಳ ತಾಯಿಯಾದರೂ ಕಾಳಪ್ಪನ ಅಕ್ಕ. ತಮ್ಮನನ್ನು ಬಿಟ್ಟು ಮಗಳ ಪರ ಮಾತಾಡುವ ಹೆಂಗಸಲ್ಲ. ರೇವವ್ವ ಮಾಡಿದ್ದು ಇಷ್ಟೇ: ಮಾವ ಎಂದು ಕರೆಯುವುದನ್ನು ಬಿಟ್ಟಳು. "ಸಿಪಾಯಿ ಸಾಹೇಬ್ರ, ಊಟಕ್ಕ ಏಳ್ರಿ," ಎನ್ನುತ್ತಿದ್ದಳು. ಶಂಕ್ರೆವ್ವನ ಮಕ್ಕಳು ಬಂದು ಮಗ್ಗುಲಲ್ಲಿ ಮಲಗಿದರೆ ಎಬ್ಬಿಸಿ ಕಳಿಸುತ್ತಿದ್ದಳು. ಅವು ಯಾಕೆಂದು ತಿಳಿಯದೆ ಬಾಗಿಲಲ್ಲಿ ನಿಂತು ಅಳುತ್ತಿದ್ದವು.

ಚಳಿಗಾಲ ಕಳೆಯಿತು. ಚುನಾವಣೆ ಬಂತು. ಸಾಹೇಬರ ಕೋಣೆಯಲ್ಲಿ ಆಪರೇಶನ್ ಮಾತು ನಿಂತಿತು. ಯಾರೋ ಒರೆಸಿಬಿಟ್ಟ ಹಾಗೆ, ಆ ಶಬ್ದವೇ ಇಲ್ಲವಾಯಿತು. ದಿಲ್ಲಿಯಲ್ಲಿ ಆಳುವವರು ಸೋತರು ಎಂಬ ಸುದ್ದಿಯೂ ಯುಗಾದಿಯೂ ಒಂದೇ ವಾರ ಕರೇಕಲ್ಲಿಗೆ ಬಂದವು.

ಹಬ್ಬದ ದಿನ ಎಣ್ಣೆ ನೀರು ಹಾಕಿಕೊಂಡು ಪರಸಪ್ಪ ಹೊಸ ದೋತರ ಉಟ್ಟು ಕುಳಿತ. ಬೇವು ಬೆಲ್ಲ ಆಯಿತು. ಚಂದಪ್ಪ ಕಾಳಪ್ಪನ ಕಡೆ ನೋಡಿದ.

"ತಗೊಂಡ ಬಾ."

"ತರೂದಿಲ್ಲ."

"ಏನಂದಿ?"

"ಕೊಡೂದಿಲ್ಲ ಅಂದ್ನಿ. ಪೋಸ್ಟ್ ವತನ ಅಲ್ಲ ಅಣ್ಣಾ. ಮೋದಿನಸಾಬ್ರು ಬುಕ್ಕಿನ್ಯಾಗ ನೋಡಿ ಹೇಳ್ಯಾರ. ಈ ಮನ್ಯಾಗ ಹುಟ್ಟಿದ್ದಕ್ಕ ಬರೂದಲ್ಲ ಅದು. ಅಲ್ಲಿ ಇಟ್ಟಾವ್ರು ಇಟ್ಟಾರ, ನಿಂತಾಂವ ನಿಂತಾನ."

"ಸಾಬನ ಬುಕ್ಕ ಕಟ್ಟಿಕೊಂಡು ಮನೀ ಪಾಳಿ ಮುರೀತಿ?"

"ಪಾಳಿ ಅಂದ್ರ ಏನಣ್ಣಾ? ವರ್ಷ ಮುಗದ ಮ್ಯಾಲ ನಾ ಹೆಂಗ ಹೋಗಿದ್ನೋ ಹಂಗ ಮನಿಗೆ ಬರಬೇಕು. ಬಂದೇನೇನು? ನನ್ನ ನೋಡಿ ಹೇಳು."

ಚಂದಪ್ಪ ನೋಡಲಿಲ್ಲ. ಪರಸಪ್ಪನೇ ಮೇಲೆದ್ದ. "ಹೆಸರು ನಂದೈತಿ. ಸಹಿ ನಂದೈತಿ. ನಿನ್ನ ಹೆಂಗ ಇಳಿಸಬೇಕು ನನಗ ಗೊತ್ತೈತಿ."

"ಹೋಗಿ ಹೇಳು ಹಂಗಾರ. ಸಾಹೇಬ್ರು ಅವರ ಅದಾರ, ಬದಲಿ ಆಗಿಲ್ಲ. ನನ್ನ ಮುಖ ಅವರಿಗೆ ಗೊತ್ತೈತಿ. ನಿಂದ ಗೊತ್ತಿಲ್ಲ."

ಒಳಗೆ ರೇವವ್ವ ನಕ್ಕಳು. ಆರು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ಕೇಳಿದ ಶಂಕ್ರೆವ್ವ ಮಕ್ಕಳನ್ನು ಹತ್ತಿರ ಎಳೆದುಕೊಂಡಳು.

ಪರಸಪ್ಪ ನಿಜವಾಗಿಯೂ ಬಂದ. ಹಬ್ಬ ಮುಗಿದು ಕಚೇರಿ ತೆರೆದ ದಿನವೇ, ಹೊಸ ದೋತರದಲ್ಲೇ ಬಂದು ಪಡಸಾಲೆಯಲ್ಲಿ ನಿಂತ. ಕಾಳಪ್ಪ ಸ್ಟೂಲಿನಿಂದ ಏಳಲಿಲ್ಲ. ಮೋದಿನಸಾಬ ಒಳಗಿನಿಂದ ಲಗುಬಗೆಯಿಂದ ಹೊರಗೆ ಬಂದ.

"ಬ್ಯಾಡಪಾ ತಮ್ಮಾ. ನೀ ಒಂದ ಮಾತ ಆಡಿದಿ ಅಂದ್ರ ಮೊದಲ ಕಳಕೊಳ್ಳಾಂವ ನೀನ. ವರ್ಷ ಪೂರ್ತಿ ಇನ್ನೊಬ್ಬನ್ನ ಕಳಿಸಿದಾಂವ ನೀನು. ಆಮ್ಯಾಲ ಅವ. ಆಮ್ಯಾಲ ನಾ. ಪೋಸ್ಟ್ ಇಲ್ಲೇ ಇರತೈತಿ, ಮತ್ತ್ಯಾವನೋ ಬಂದ ಕುಂಡ್ರತಾನ."

ಪರಸಪ್ಪ ಏನೋ ಹೇಳಲು ಬಾಯಿ ತೆರೆದ. ಆಗ ಬಸಂತರಾಯರು ಎಲೆ ಅಡಿಕೆ ಉಗುಳಲು ಹೊರಗೆ ಬಂದರು. ಉಗುಳಿ, ಬಾಯಿ ಒರೆಸಿಕೊಂಡು, ಒಬ್ಬನ ಮುಖದಿಂದ ಇನ್ನೊಬ್ಬನ ಮುಖಕ್ಕೆ ನೋಡಿದರು.

"ಯಾರೋ ಇವ? ನಿನ್ನ ಅಚ್ಚ ಒತ್ತಿದಂಗ ಅದಾನಲ್ಲ."

ಕಾಳಪ್ಪ ಎದ್ದು ನಿಂತಿದ್ದ. ಸಾಹೇಬರು ನೇರ ಪರಸಪ್ಪನನ್ನೇ ಕೇಳಿದರು.

"ಹೆಸರೇನೋ ನಿಂದು?"

ಮೋದಿನಸಾಬ ಗೋಡೆಯ ಕಡೆ ಮುಖ ಮಾಡಿದ್ದ.

"ಕಾಳಪ್ಪ ರಿ," ಎಂದ ಪರಸಪ್ಪ. "ಇವರ ತಮ್ಮ ರಿ."

"ಏನ ಕೆಲಸಿತ್ತು?"

"ಏನಿಲ್ರಿ. ಹಬ್ಬಕ್ಕ ಅಣ್ಣನ್ನ ನೋಡಿ ಹೋಗೂಣು ಅಂತ ರಿ."

ಸಾಹೇಬರಿಗೆ ಹೋದ ವರ್ಷದ ಚಟ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. "ಮಕ್ಳೆಷ್ಟು?"

ಪರಸಪ್ಪ ಅಣ್ಣನನ್ನು ನೋಡಿದ. ಆ ನೋಟದಲ್ಲಿ ಬೈಗುಳವಿತ್ತು, ಕೇಳಿಕೆಯೂ ಇತ್ತು. ನಾಲ್ಕು ಎನ್ನಲು ಧೈರ್ಯ ಸಾಲಲಿಲ್ಲ. ಕಾಗದ ಎಲ್ಲಿ ಏನು ಹೇಳುತ್ತದೋ ಎಂಬ ಹೆದರಿಕೆ.

"ಇಲ್ರಿ. ಒಂದೂ ಇಲ್ರಿ."

"ಒಳ್ಳೇದಾತು," ಎಂದು ಸಾಹೇಬರು ಒಳಗೆ ಹೋದರು.

ಪರಸಪ್ಪ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದ. ಕಾಳಪ್ಪನಿಗೆ ಅವನನ್ನು ಕೂಗಿ ಚಹಾಕ್ಕೆ ಕರೆಯಬೇಕೆನಿಸಿತು. ತಮ್ಮನನ್ನು ಯಾವ ಹೆಸರಿನಿಂದ ಕೂಗುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಸಾಹೇಬರ ಗಂಟೆ ಕೇಳಿಸಿತು.

ಅವನು ನೀರಿನ ಗ್ಲಾಸು ತೆಗೆದುಕೊಂಡು ಒಳಗೆ ಹೋದ. ಸಾಹೇಬರು ಕುಡಿದು ಗ್ಲಾಸು ಕೆಳಗಿಟ್ಟರು. ಅವರಿಗೆ ಅಂದು ಮನಸ್ಸು ಹಗುರವಾಗಿತ್ತು.

"ಪಾಪ, ನಿನ್ನ ತಮ್ಮ ಕಾಳಪ್ಪಗ ಮಕ್ಳಿಲ್ಲಂತಲ್ಲೋ. ಬಿಜಾಪುರದಾಗ ಎಲ್ಲೆರ ತೋರ್ಸೀರೇನು? ವಯಸ್ಸ ಏನ ಹೋಗೇತಿ ಅವಂದು? ಆಗ್ತಾವ ಬಿಡು."

"ಇಲ್ರಿ," ಎಂದ ಕಾಳಪ್ಪ. "ಅವಗ ಇನ್ನ ಆಗೂದಿಲ್ರಿ."

ಗ್ಲಾಸು ಎತ್ತಿಕೊಂಡು ಹೊರಗೆ ಬಂದ.